ಕರಾಟೆ ಡ್ರೆಸ್‌ಗೆ ನಂಬರ್ ಸಾಲದು, ಅಳತೆ ಬೇಕು

ಬಳ್ಳಾರಿಯಲ್ಲಿ ಹನ್ನೊಂದು ವರ್ಷ ಜೀನ್ಸ್ ಕಟಿಂಗ್ ಮಾಡಿದವನು ನಾನು. ಈಗ ಕರಾಟೆ ಡ್ರೆಸ್ ಮಾರುತ್ತೇನೆ. ಸಿರುಗುಪ್ಪ, ಸಂಡೂರು, ಕಂಪ್ಲಿ ಕಡೆಯಿಂದ ಫೋನಿನಲ್ಲೇ ಆರ್ಡರ್ ಬರುತ್ತದೆ. ಮೊದಲೆಲ್ಲ ಮಗುವಿನ ಎತ್ತರ ಕೇಳಿ ನಂಬರ್ ಹೇಳಿಬಿಡುತ್ತಿದ್ದೆ. 140 ಸೆಂ.ಮೀ.ಗೆ 1, 150ಕ್ಕೆ 2, 160ಕ್ಕೆ 3. ಆದರೆ ಆ ನಂಬರಿನಿಂದ ಹಾಕಿಕೊಳ್ಳುವವರ ಎತ್ತರ ಗೊತ್ತಾಗುತ್ತದೆ ಅಷ್ಟೆ, ಅಂಗಿಯ ತೋಳು ಎಷ್ಟುದ್ದ ಅಂತ ಗೊತ್ತಾಗುವುದಿಲ್ಲ.

ಸಿರುಗುಪ್ಪದ ಒಬ್ಬ ಹುಡುಗಿ 148 ಇದ್ದಳು. ಬೆಳೆಯುವ ಮಗು ಅಲ್ವಾ ಅಂತ 3 ಕಳಿಸಿದೆ. ಟೂರ್ನಮೆಂಟಿನಲ್ಲಿ ತೋಳು ಬೆರಳಿನ ತನಕ ಬಂತು. ವಿಶ್ವ ಕರಾಟೆ ಫೆಡರೇಷನ್ ನಿಯಮದಂತೆ ತೋಳು ಮಣಿಕಟ್ಟು ದಾಟಬಾರದು, ಮುಂಗೈಯ ಅರ್ಧಕ್ಕಿಂತ ಮೇಲೆಯೂ ಹೋಗಬಾರದು. ಮಡಚುವ ಹಾಗೂ ಇಲ್ಲ. ಪಾಪ, ಬೇರೆ ಹುಡುಗಿಯ ಡ್ರೆಸ್ ಕೇಳಿ ಹಾಕಿಕೊಂಡು ಆಡಿದಳು. ಸಂಜೆ ಅವರಪ್ಪ ಫೋನ್ ಮಾಡಿದರು. "ಅಣ್ಣಾ, ತೋಳಿನ ಉದ್ದ ಮೊದಲೇ ಹೇಳಿದ್ರೆ ನಾನೇ ಟೇಪ್ ಹಿಡಿದು ನೋಡ್ತಿದ್ದೆ" ಅಂದರು. ಆ ಮಾತು ನನಗೆ ಬಹಳ ನಾಟಿತು.

ಮರುದಿನವೇ ಒಂದೊಂದು ನಂಬರಿನ ಡ್ರೆಸ್ ಬಿಚ್ಚಿ ಟೇಬಲ್ ಮೇಲೆ ಹರಡಿದೆ. ಕರಾಟೆ ಅಂಗಿಯ ಭುಜದ ಹೊಲಿಗೆ ಭುಜದಿಂದ ಕೆಳಗೆ ಇಳಿದಿರುತ್ತದೆ. ಹಾಗಾಗಿ ಶರ್ಟಿನಂತೆ ಅಲ್ಲಿಂದ ತೋಳು ಅಳೆದರೆ ಲೆಕ್ಕ ತಪ್ಪುತ್ತದೆ. ಕತ್ತಿನ ಹಿಂದೆ ನಡುಮಧ್ಯದಿಂದ ತೋಳಿನ ತುದಿಯವರೆಗೆ ಟೇಪ್ ಹಿಡಿಯಬೇಕು. ಪ್ಯಾಂಟಿಗೆ ಉದ್ದ, ಸೊಂಟ, ತೊಡೆ. ತೊಡೆ ಬಿಗಿಯಾದರೆ ಕಾಲು ಎತ್ತಲು ಆಗುವುದಿಲ್ಲ, ಅದನ್ನು ಯಾರೂ ಬರೆಯುವುದೇ ಇಲ್ಲ.

ಆಮೇಲೆ ತೊಳೆಯುವ ವಿಷಯ. ಜೀನ್ಸ್‌ನಲ್ಲಿ ಬಟ್ಟೆಯ ತಾನಿನಿಂದ ತುಂಡು ಕತ್ತರಿಸಿ, ತೊಳೆದು, ಎಷ್ಟು ಕುಗ್ಗಿತು ನೋಡಿಯೇ ಕಟಿಂಗ್‌ಗೆ ಕೈ ಹಾಕುತ್ತಿದ್ದೆವು. ಇಲ್ಲೂ ಅದನ್ನೇ ಮಾಡಿದೆ. ಪೂರ್ತಿ ಕಾಟನ್ ಅಂಗಿಯ ತೋಳು ಮೂರು ಸಲ ತೊಳೆದ ಮೇಲೆ 75ರಿಂದ 71 ಸೆಂ.ಮೀ.ಗೆ ಬಂತು. ಪಾಲಿಸ್ಟರ್ ಮಿಕ್ಸ್ ಹೆಚ್ಚುಕಮ್ಮಿ ಹಾಗೇ ಇತ್ತು. ಈಗ ಫೋಟೋ ಜೊತೆ ಎರಡೂ ಅಳತೆ ಹಾಕುತ್ತೇನೆ, ತೊಳೆಯುವ ಮುಂಚಿನದು, ತೊಳೆದ ಮೇಲಿನದು. ಮನೆಯಲ್ಲಿ ಸರಿಯಾಗಿ ಕೂರುವ ಹಳೇ ಡ್ರೆಸ್ ಹರಡಿ ಅಳೆದು ನೋಡಿ ಅಂತಲೂ ಬರೆಯುತ್ತೇನೆ. ವಾಪಸ್ ಬರುವುದು ತುಂಬ ಕಡಿಮೆಯಾಗಿದೆ.

ಹೋದ ತಿಂಗಳು ಸಿರುಗುಪ್ಪದ ಅವರೇ ಮತ್ತೆ ಆರ್ಡರ್ ಕೊಟ್ಟರು. ಅಳತೆ ನೋಡಿ 2ರ ಅಂಗಿ, 3ರ ಪ್ಯಾಂಟು ಕೇಳಿದರು. ಎರಡು ಸೆಟ್ ಒಡೆದು ಕೊಟ್ಟೆ. ಉಳಿದ 3ರ ಅಂಗಿ, 2ರ ಪ್ಯಾಂಟಿಗೂ ಅಳತೆ ಬರೆದು ಹಾಕಿದ್ದೇನೆ.