ಶಿಕೋಕುವಿನ 88 ದೇವಾಲಯಗಳು: ನಡೆದೇ ಹೋಗುವವರಿಗೆ ಒಂದು ಕೈಪಿಡಿ

ಜಪಾನಿನ ಶಿಕೋಕು ದ್ವೀಪವನ್ನು ಸುತ್ತುವ 88 ಬೌದ್ಧ ದೇವಾಲಯಗಳ ಹಾದಿ ಸುಮಾರು 1,200 ಕಿ.ಮೀ. ಶಿಂಗೋನ್ ಪಂಥದ ಸ್ಥಾಪಕ ಕೋಬೋ ದೈಶಿ (774–835) ಅವರನ್ನು ನೆನೆಯುತ್ತಾ ಸಾಗುವ ಈ ಯಾತ್ರೆ ಕಾಲ್ನಡಿಗೆಯಲ್ಲಿ 40ರಿಂದ 50 ದಿನ ಹಿಡಿಯುತ್ತದೆ. ಕಾಲು ಗಟ್ಟಿಯಿದ್ದರೆ ಸಾಲದು. ಬಂದು ಹೋದ ಗುರುತಿಗೆ ಮುದ್ರೆ ಹಾಕಿಕೊಡುವ ದೇವಾಲಯದ ಕಚೇರಿ ಬೆಳಗ್ಗೆ 8ಕ್ಕೆ ತೆರೆದು ಸಂಜೆ 5ಕ್ಕೆ ಮುಚ್ಚುತ್ತದೆ, ತಂಗಲು ಜಾಗ ಎಲ್ಲೆಂದರಲ್ಲಿ ಸಿಗುವುದಿಲ್ಲ. ಹಾಗಾಗಿ ಪ್ರತಿದಿನದ ಲೆಕ್ಕವನ್ನು ಸಂಜೆ 5ರಿಂದ ಹಿಂದಕ್ಕೆ ಹಾಕಬೇಕು.

ಮೊದಲು ವೀಸಾ. ಅನುಮತಿಸಿದ ವಾಸದ ಅವಧಿ 30 ದಿನವಾದರೆ ಪೂರ್ತಿ ಸುತ್ತು ಮುಗಿಯದು. ಆಗ ಒಂದು ಪ್ರಾಂತ್ಯವನ್ನಷ್ಟೇ ನಡೆಯಿರಿ. ಹೀಗೆ ತುಂಡು ತುಂಡಾಗಿ ಮುಗಿಸುವುದು ಅಲ್ಲಿ ಹಳೆಯ ಪದ್ಧತಿ, ಅದರಿಂದ ಪುಣ್ಯವೇನೂ ಕಡಿಮೆಯಾಗದು. 1ರಿಂದ 23ನೇ ದೇವಾಲಯದವರೆಗಿನ ತೋಕುಶಿಮಾ ಪ್ರಾಂತ್ಯದ ಭಾಗ ಮೊದಲ ಸಲಕ್ಕೆ ಚೆನ್ನಾಗಿ ಹೊಂದುತ್ತದೆ. ಮಾರ್ಚ್ ಕೊನೆಯಿಂದ ಮೇ ನಡುವರೆಗೆ, ಇಲ್ಲವೇ ಅಕ್ಟೋಬರ್–ನವೆಂಬರ್ ಒಳ್ಳೆಯ ಕಾಲ. ಜೂನ್‌ನಲ್ಲಿ ಜಡಿಮಳೆ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಸೆಕೆ ಮತ್ತು ಚಂಡಮಾರುತ.

ತೋಕುಶಿಮಾದಿಂದ ರೈಲಿನಲ್ಲಿ ಬಾಂದೋ ನಿಲ್ದಾಣಕ್ಕೆ ಹೋದರೆ ಮೊದಲ ದೇವಾಲಯ ರ್ಯೋಜೆಂಜಿಗೆ ಸ್ವಲ್ಪವೇ ನಡಿಗೆ. ಬೇಕಾದ ಸಾಮಾನೆಲ್ಲ ಅಲ್ಲೇ ಸಿಗುತ್ತದೆ: ಬಿಳಿ ಮೇಲಂಗಿ, ಹುಲ್ಲಿನ ಟೋಪಿ, ಕೊಂಗೋಜುಎ ಎಂಬ ಕೋಲು, ಮುದ್ರೆ ಹಾಕಿಸುವ ನೋಕ್ಯೋಚೋ ಪುಸ್ತಕ, ಹೆಸರು ಬರೆದು ಅರ್ಪಿಸುವ ಒಸಾಮೆಫುದಾ ಚೀಟಿ, ಮೇಣದಬತ್ತಿ, ಊದುಬತ್ತಿ. ನಾಲ್ಕು ಸುತ್ತು ಮುಗಿಯುವವರೆಗೆ ಚೀಟಿಯ ಬಣ್ಣ ಬಿಳಿಯೇ. ಪ್ರತಿ ದೇವಾಲಯಕ್ಕೆ ಎರಡು ಚೀಟಿ ಬೇಕು, ಜೊತೆಗೆ ಎದುರಾದವರಿಗೆ ಕೊಡಲೂ ಬೇಕು. 200 ಇದ್ದರೆ ಹೊರಡಲು ಸಾಕು.

ಪೂಜೆಯ ಕ್ರಮ ಎಲ್ಲ ಕಡೆ ಒಂದೇ. ಹೆಬ್ಬಾಗಿಲಲ್ಲಿ ತಲೆಬಾಗಿ ಒಳಗೆ ಬನ್ನಿ. ನೀರಿನ ತೊಟ್ಟಿಯಲ್ಲಿ ಮೊದಲು ಎಡಗೈ, ಆಮೇಲೆ ಬಲಗೈ, ಬಳಿಕ ಬಾಯಿ ತೊಳೆದುಕೊಳ್ಳಿ. ಘಂಟೆ ಹೊಡೆಯಲು ಅವಕಾಶವಿದ್ದರೆ ಈಗಲೇ ಹೊಡೆಯಿರಿ. ಹೊರಡುವಾಗ ಹೊಡೆಯುವುದು ಅಶುಭವೆಂದು ನಂಬಿಕೆ. ಮುಖ್ಯ ಗುಡಿಯಲ್ಲಿ ಒಂದು ಮೇಣದಬತ್ತಿ, ಮೂರು ಊದುಬತ್ತಿ, ಒಂದು ಚೀಟಿ, ಒಂದು ನಾಣ್ಯ, ಆಮೇಲೆ ಪ್ರಜ್ಞಾಪಾರಮಿತಾ ಹೃದಯ ಸೂತ್ರದ ಪಠಣ. ಬೇರೆಯವರ ದೀಪದಿಂದ ನಿಮ್ಮದನ್ನು ಹಚ್ಚಬೇಡಿ, ಅವರ ಕರ್ಮವೂ ಅಂಟಿಕೊಳ್ಳುತ್ತದೆ ಎನ್ನುತ್ತಾರೆ. ಅದೇ ಆವರಣದಲ್ಲಿರುವ ದೈಶಿಯ ಗುಡಿಯಲ್ಲಿ ಇದೆಲ್ಲವೂ ಮತ್ತೊಮ್ಮೆ. ಮುದ್ರೆ ಕೊನೆಯಲ್ಲಿ. ಅದಕ್ಕೆ ಪ್ರತಿ ದೇವಾಲಯದಲ್ಲೂ 500 ಯೆನ್, ಒಟ್ಟು 44,000. ನಗದೇ ಇಟ್ಟುಕೊಳ್ಳಿ, ಹಳ್ಳಿಗಳಲ್ಲಿ ಕಾರ್ಡ್ ನಡೆಯದು, ಅಂಚೆ ಕಚೇರಿಯ ಎಟಿಎಂ ಕೈಹಿಡಿಯುತ್ತದೆ.

ಇಷ್ಟಕ್ಕೆಲ್ಲ ಒಂದೊಂದು ಕಡೆ ಅರ್ಧ ಗಂಟೆ ಹಿಡಿಯುತ್ತದೆ. ಹೊಸಬರ ಲೆಕ್ಕ ತಪ್ಪುವುದು ಇಲ್ಲೇ. 1ರಿಂದ 6ರವರೆಗೆ ದೂರ 17 ಕಿ.ಮೀ. ಅಷ್ಟೇ, ನಾಲ್ಕೂವರೆ ಗಂಟೆಯ ನಡಿಗೆ. ಪೂಜೆಗೆ ಇನ್ನೂ ಮೂರು ಗಂಟೆ. 8ಕ್ಕೆ ಹೊರಟರೂ ಊಟ, ವಿಶ್ರಾಂತಿ ಸೇರಿದರೆ ಸಂಜೆಯಾಯಿತು. ದಿನಕ್ಕೆ 25 ಕಿ.ಮೀ. ಎಂದುಕೊಳ್ಳಿ, ಮೊದಲ ವಾರ 20 ಸಾಕು.

11ನೇ ಫುಜೀದೆರಾದಿಂದ 12ನೇ ಶೋಸಾಂಜಿಗೆ ಬರೀ 13 ಕಿ.ಮೀ. ಆದರೂ 6ರಿಂದ 8 ಗಂಟೆ ಬೇಕು. ಹತ್ತಿ, ಇಳಿದು, ಮತ್ತೆ ಹತ್ತುವ ಕಾಡುದಾರಿ, ನಡುವೆ ಅಂಗಡಿಯಿಲ್ಲ. ಹಿಂದಿನ ಸಂಜೆಯೇ ಫುಜೀದೆರಾದ ಮುದ್ರೆ ಹಾಕಿಸಿ ಹತ್ತಿರದಲ್ಲೇ ತಂಗಿ, ಬೆಳಗ್ಗೆ 6ಕ್ಕೆ ಹೊರಡಿ. ಮುದ್ರೆಗಾಗಿ 8ರವರೆಗೆ ಕಾದರೆ ಅಷ್ಟೂ ಹೊತ್ತು ಸಂಜೆಯಿಂದ ಕಳೆಯುತ್ತದೆ. ಎರಡು ಲೀಟರ್ ನೀರು, ಮಧ್ಯಾಹ್ನದ ಬುತ್ತಿ ಜೊತೆಗಿರಲಿ. ಶೋಸಾಂಜಿಯ ಕೆಳಗಿನ ಕಣಿವೆಯಲ್ಲಿ ತಂಗುದಾಣ ಬೆರಳೆಣಿಕೆಯಷ್ಟೇ ಇರುವುದರಿಂದ ಅದನ್ನು ದಿನಗಳ ಮೊದಲೇ ಕಾದಿರಿಸಬೇಕು. ಕೋಚಿ ಪ್ರಾಂತ್ಯದ ಕಷ್ಟ ಬೇರೆಯದು. 23ರಿಂದ 24ಕ್ಕೆ ಸುಮಾರು 75 ಕಿ.ಮೀ., 37ರಿಂದ 38ಕ್ಕೆ 80ಕ್ಕೂ ಹೆಚ್ಚು. ದಿನಗಟ್ಟಲೆ ಡಾಂಬರು ರಸ್ತೆ, ಪಕ್ಕದಲ್ಲಿ ಸಮುದ್ರ. ಮನಸ್ಸು ಸೋಲುವುದು ಬೆಟ್ಟಕ್ಕಿಂತ ಇಲ್ಲೇ ಹೆಚ್ಚು.

ಯಾತ್ರೆ ಅರ್ಧಕ್ಕೆ ನಿಲ್ಲಿಸುವುದು ಹೆಚ್ಚಾಗಿ ಪಾದದ ಬೊಬ್ಬೆ. ದಾರಿಯ ಬಹುಪಾಲು ಡಾಂಬರು, ಆದ್ದರಿಂದ ಗಡುಸಾದ ಚಾರಣದ ಬೂಟು ಬೇಡ. ಮೆತ್ತನೆಯ ಅಟ್ಟೆಯ, ಅರ್ಧ ಅಳತೆ ದೊಡ್ಡದಾದ ನಡಿಗೆಯ ಬೂಟು ಸರಿ. ಎರಡು ಗಂಟೆಗೊಮ್ಮೆ ಕಾಲುಚೀಲ ಬಿಚ್ಚಿ ಪಾದ ಒಣಗಿಸಿ, ಚರ್ಮ ಬಿಸಿಯೆನಿಸಿದ ಕೂಡಲೇ ಟೇಪ್ ಅಂಟಿಸಿ. ಬೆನ್ನಚೀಲ 7 ಕಿಲೋ ಮೀರದಿರಲಿ. ಸುರಂಗ ರಸ್ತೆಗಳಿಗೆ ಹಣೆದೀಪ, ಬೆಳಕು ಪ್ರತಿಫಲಿಸುವ ಪಟ್ಟಿ ಬೇಕೇ ಬೇಕು.

ಮಿನ್‌ಶುಕು ಎಂಬ, ಮನೆಯವರೇ ನಡೆಸುವ ತಂಗುದಾಣಗಳಿಗೆ ಒಂದೆರಡು ದಿನ ಮುಂಚೆ ಫೋನ್ ಮಾಡಬೇಕು. ಜಪಾನಿ ಬರದಿದ್ದರೆ ಇಂದಿನ ತಂಗುದಾಣದವರನ್ನೇ ಕೇಳಿ, ಮಾಡಿಕೊಡುತ್ತಾರೆ. ಬರಲಾಗದಿದ್ದರೆ ತಪ್ಪದೆ ತಿಳಿಸಿ. ಒಬ್ಬರು ಹೇಳದೆ ತಪ್ಪಿಸಿಕೊಂಡರೆ ಮುಂದಿನ ವಿದೇಶಿಯರಿಗೆ ಬಾಗಿಲು ತೆರೆಯುವುದು ಕಷ್ಟವಾಗುತ್ತದೆ. ತಲುಪಿದ ಕೂಡಲೇ ಕೋಲಿನ ತುದಿ ತೊಳೆದು ಒಳಗಿಡಿ. ಅದು ದೈಶಿಯ ರೂಪ. ದೈಶಿ ಸೇತುವೆಯ ಕೆಳಗೆ ಮಲಗಿದ್ದರೆಂಬ ಕಥೆಯಿರುವುದರಿಂದ ಸೇತುವೆ ದಾಟುವಾಗ ಕೋಲು ಊರುವಂತಿಲ್ಲ. ಸಸ್ಯಾಹಾರಿಗಳು ಗಮನಿಸಿ: ಸಾರಿನಲ್ಲೂ ದಾಶಿ ಎಂಬ ಮೀನಿನ ರಸ ಇರುತ್ತದೆ, ದೇವಾಲಯದ ತಂಗುದಾಣಗಳಾದ ಶುಕುಬೋಗಳಲ್ಲೂ ಮೀನು ಬಡಿಸುವುದುಂಟು. ಊಟವಿಲ್ಲದ ಕೋಣೆ ಕಾದಿರಿಸಿ, ಉಮೆಬೋಶಿ (ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣು) ತುಂಬಿದ ಅನ್ನದ ಉಂಡೆ, ಹಣ್ಣು ಕೊಂಡಿಟ್ಟುಕೊಳ್ಳುವುದು ಮೇಲು.

ದಾರಿಯಲ್ಲಿ ಯಾರಾದರೂ ಕಿತ್ತಳೆ ಹಣ್ಣೋ ನಾಣ್ಯವೋ ನೀಡಿದರೆ ಅದು ಒಸೆತ್ತಾಯಿ, ದೈಶಿಗೆ ಸಲ್ಲಿಸುವ ಸೇವೆ. ಬೇಡವೆನ್ನಬೇಡಿ, ಎರಡೂ ಕೈಯಲ್ಲಿ ತೆಗೆದುಕೊಂಡು ಒಂದು ಚೀಟಿ ಕೊಡಿ. 88ನೇ ಓಕುಬೋಜಿಯ ಬಸ್ಸುಗಳು ತೀರ ಕಡಿಮೆ, ಅಲ್ಲಿಗೆ ಹತ್ತುವ ಮೊದಲೇ ವೇಳಾಪಟ್ಟಿ ನೋಡಿಕೊಂಡಿರಿ.