ಹಳೆ ಪಿಕಪ್‌ನ ಮಂಕು ದೀಪಕ್ಕೆ ಅರ್ಥಿಂಗ್ ಮದ್ದು

ಹಳೆ ಪಿಕಪ್‌ನ ಚಾಸಿಯ ತುಕ್ಕು ಕೆರೆದು, ಪ್ರೈಮರ್ ಹೊಡೆದು, ಹೊಸ ಬಣ್ಣ ಬಳಿದ ಮೇಲೆ ಲೈಟುಗಳ ಕಾಟ ಶುರುವಾಯಿತು. ಹಿಂದಿನ ದೀಪ ಮಂಕು. ಬ್ರೇಕ್ ಒತ್ತಿದರೆ ಇಂಡಿಕೇಟರೂ ಮಿಣುಕುತ್ತಿತ್ತು. ಪೆಟ್ರೋಲ್ ಮುಳ್ಳಂತೂ ಮನಸ್ಸಿಗೆ ಬಂದ ಹಾಗೆ ಕುಣಿಯುತ್ತಿತ್ತು.

ಇಷ್ಟೆಲ್ಲ ಒಟ್ಟಿಗೆ ಕೆಟ್ಟಾಗ ಬಲ್ಬ್ ಬದಲಿಸುತ್ತಾ ಕೂರುವುದು ದಂಡ. ಮೊದಲು ಅರ್ಥಿಂಗ್ ನೋಡಬೇಕು. ಈ ಗಾಡಿಗಳಲ್ಲಿ ಕರೆಂಟ್ ಬ್ಯಾಟರಿಗೆ ವಾಪಸ್ ಬರುವುದು ಲೋಹದ ಮೈ ಮೂಲಕವೇ. ಅರ್ಥ್ ವೈರ್ ಕೂರಿಸುವ ಬೋಲ್ಟಿನ ಕೆಳಗೆ ಬಣ್ಣ ಕೂತರೆ ಆ ದಾರಿ ಬಂದ್, ಅಲ್ವಾ?

ಲೈಟ್ ಹಾಕಿ, ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟೆ. ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಹಿಂದಿನ ದೀಪದ ಹೋಲ್ಡರಿಗೆ. ದಾರಿ ಸರಿಯಿದ್ದರೆ 0.2 ವೋಲ್ಟಿನೊಳಗೆ ಇರಬೇಕಾದ್ದು 2 ವೋಲ್ಟ್ ದಾಟಿತ್ತು. ಕಳ್ಳ ಸಿಕ್ಕಿದ.

ಬೋಲ್ಟ್ ಬಿಚ್ಚಿ, ಹೊಳೆಯುವ ಲೋಹ ಕಾಣುವವರೆಗೆ ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದೆ. ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್ ಸವರಿದೆ. ಇಂಜಿನ್‌ನಿಂದ ಚಾಸಿಗೆ, ಚಾಸಿಯಿಂದ ಕ್ಯಾಬಿನ್‌ಗೂ ಹಿಂದಿನ ತೊಟ್ಟಿಗೂ ದಪ್ಪ ಕೇಬಲ್ ಎಳೆದೆ. ಪೆಟ್ರೋಲ್ ಮುಳ್ಳಿಗೆ ಮಟ್ಟ ತಿಳಿಸುವ ಟ್ಯಾಂಕಿನ ಸೆಂಡರಿಗೆ ಬೇರೆಯೇ ಅರ್ಥ್ ವೈರ್. ಎಲ್ಲ ಸರಿಹೋಯಿತು.

ಹೇಗೂ ವೈರಿಂಗ್ ಬಿಚ್ಚಿದ್ದೆ, ಹೆಡ್‌ಲೈಟಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಮತ್ತು ಫ್ಯೂಸ್ ಕೂಡ ಸೇರಿಸಿದೆ. ಹಳೆ ಸ್ವಿಚ್ ಮೂಲಕ ಪೂರ್ತಿ ಕರೆಂಟ್ ಹರಿಸಿದರೆ ಅದು ಸುಮ್ನೆ ಬಿಸಿಯಾಗುತ್ತದೆ. ಈಗ ಅದಕ್ಕೆ ರಿಲೇ ಆನ್ ಮಾಡುವಷ್ಟೇ ಕೆಲಸ.