ವಾಲ್ವ್ ತೂತಿನ ಪಕ್ಕದ ಎರಡು ಅಕ್ಷರ: ಯೆಂಕೊ ಕಮಾರೊಗೆ ಸರಿಯಾದ ರಿಮ್ ಹುಡುಕಿದ ನನ್ನ ಅನುಭವ

ನಾನಿರುವುದು ಪಿಟ್ಸ್‌ಬರ್ಗ್‌ನಲ್ಲಿ. ಇಲ್ಲಿಂದ ಸ್ವಲ್ಪವೇ ದೂರದ ಕ್ಯಾನನ್ಸ್‌ಬರ್ಗ್ ಊರಲ್ಲಿ ಡಾನ್ ಯೆಂಕೊ ಅವರ ಶೆವರ್ಲೆ ಡೀಲರ್‌ಶಿಪ್ ಇತ್ತು. ನಮ್ಮ ಪಕ್ಕದ ಮನೆಯ ಹಿರಿಯರ ಬಳಿ ಅಲ್ಲಿಂದ ಬಂದ 1969ರ ಕಮಾರೊ ಕಾರು ಇದೆ. ಅದಕ್ಕೆ ಮೊದಲಿದ್ದಂಥದೇ ಚಕ್ರ ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಚಳಿಗಾಲ ಪೂರ್ತಿ ಅದರಲ್ಲೇ ಕಳೆದೆ.

ಡೀಲರ್ ಮಾರ್ಪಡಿಸಿದ ಕಾರು ಅಂದಮೇಲೆ ಯಾವ ಚಕ್ರ ಹಾಕಿದರೇನು ಅಂತ ಅನೇಕರು ಕೇಳುತ್ತಾರೆ. ಹಾಗಲ್ಲ. ಮೊದಮೊದಲು ಯೆಂಕೊ ತಮ್ಮಲ್ಲೇ ಎಂಜಿನ್ ಬದಲಿಸುತ್ತಿದ್ದರು. 1969ರಲ್ಲಿ ಕೋಪೋ ಎಂಬ ವಿಶೇಷ ಆರ್ಡರ್ ಕೊಟ್ಟು, 427 ಘನ ಇಂಚಿನ ದೊಡ್ಡ ಎಂಜಿನ್ ಶೆವರ್ಲೆ ಕಾರ್ಖಾನೆಯಲ್ಲೇ ಕೂರುವಂತೆ ಮಾಡಿಸಿದರು. ಎಂಜಿನ್ನಿಗೆ ಕೋಪೋ 9561. ಇನ್ನೊಂದು ಆರ್ಡರ್ ಕೋಪೋ 9737. 15 ಇಂಚು ವ್ಯಾಸದ, 7 ಇಂಚು ಅಗಲದ, ಶೆವರ್ಲೆಯದೇ ಸ್ಟೀಲಿನ ರ್‍ಯಾಲಿ ರಿಮ್, 140 ಮೈಲಿಯ ಸ್ಪೀಡೋಮೀಟರ್ ಬಂದದ್ದು ಅದರಲ್ಲಿ. ಪಟ್ಟೆ, ಬ್ಯಾಡ್ಜ್ ಡೀಲರ್ ಕೆಲಸ. ಕೆಲವರು ದುಡ್ಡು ಜಾಸ್ತಿ ಕೊಟ್ಟು ಅಟ್ಲಾಸ್ ಎಂಬ ಬೇರೆ ಚಕ್ರವನ್ನೂ ಅಲ್ಲೇ ಹಾಕಿಸಿಕೊಂಡರು. ಹಾಗಾಗಿ ಅಟ್ಲಾಸ್ ತಪ್ಪಲ್ಲ, ಆದರೆ ಕಾರ್ಖಾನೆಯಿಂದ ಬಂದದ್ದು ರ್‍ಯಾಲಿ. ನಮ್ಮ ಕಾರಿಗೆ ಅಟ್ಲಾಸ್ ಹಾಕಿಸಿದ್ದಕ್ಕೆ ಯಾವ ಕಾಗದವೂ ಸಿಗಲಿಲ್ಲ. ರ್‍ಯಾಲಿಯನ್ನೇ ಹಿಡಿದೆ.

ಕಾರಿನಲ್ಲಿದ್ದ ನಾಲ್ಕೂ ನೋಡಲು ಒಂದೇ ಥರ ಇದ್ದವು. ಸುತ್ತಿನ ಸ್ಟೀಲ್ ರಿಂಗ್ ತೆಗೆದು, ಬಣ್ಣ ಕರಗಿಸುವ ಪೇಸ್ಟ್ ಹಚ್ಚಿ, ಹಿತ್ತಾಳೆ ಬ್ರಷ್‌ನಿಂದ ಮೆಲ್ಲಗೆ ಉಜ್ಜಿದೆ. ಇಲ್ಲಿ ಮರಳು ಹೊಡೆಸಬೇಡಿ. ಒತ್ತಿದ ಅಕ್ಷರವೇ ಸವೆದುಹೋದೀತು. ವಾಲ್ವ್ ತೂತಿನ ಅಕ್ಕಪಕ್ಕ ಅಕ್ಷರ, ಅಂಕಿ ಎದ್ದು ಬಂದವು. ನಮಗೆ ಬೇಕಾದದ್ದು ವೈಎಚ್ (YH), ಆ 7 ಇಂಚಿನ ರಿಮ್ಮಿನ ಗುರುತು. ಎರಡರಲ್ಲಿ ಮಾತ್ರ ಅದಿತ್ತು. ಮೂರನೆಯದು ಏಝಡ್ (AZ), ಅಂದರೆ ಶೆವರ್ಲೆಯ ಇನ್ನೊಂದು ಕಾರು ಕಾರ್ವೆಟ್‌ನ 8 ಇಂಚು ಅಗಲದ ರಿಮ್. ಬೋಲ್ಟ್ ಅಂತರ ಎರಡಕ್ಕೂ 4.75 ಇಂಚೇ, ಹಾಗಾಗಿ ಸಲೀಸಾಗಿ ಕೂತಿತ್ತು. ಹಿಂದಿನ ಟೈರ್ ಒಂದು ಕಡೆ ಮಡ್‌ಗಾರ್ಡಿನ ಅಂಚಿಗೆ ಯಾಕೆ ಉಜ್ಜುತ್ತಿತ್ತು ಅಂತ ಆಗ ಗೊತ್ತಾಯಿತು! ನಾಲ್ಕನೆಯದು ಒಂದು ವರ್ಷ ಆಮೇಲಿನದು.

ತಾರೀಖು ಓದುವುದು ಕಷ್ಟವಲ್ಲ. ವರ್ಷದ ಕೊನೆಯ ಅಂಕಿ, ತಿಂಗಳು, ದಿನ. 9 3 12 ಇದ್ದರೆ 1969ರ ಮಾರ್ಚ್ 12. ನಮ್ಮ ಕಾರಿನ ಬಾಡಿಗೆ ಹೊಡೆದ ಗುರುತಿನ ತಗಡಿನಲ್ಲಿ 04ಬಿ ಇದೆ, ಅಂದರೆ ಕಾರು ಕಟ್ಟಿದ್ದು ಏಪ್ರಿಲ್ ಎರಡನೇ ವಾರ. ರಿಮ್ ಅದಕ್ಕಿಂತ ಕೆಲವು ವಾರ ಮುಂಚಿನದಾಗಿರಬೇಕು. ಕಾರು ಕಟ್ಟಿದ ಮೇಲೆ ಹುಟ್ಟಿದ ರಿಮ್ ಎಷ್ಟು ಚೆಂದ ಇದ್ದರೂ ಅದರದ್ದಲ್ಲ, ಅಲ್ವಾ?

ಉಳಿದೆರಡಕ್ಕಾಗಿ ಹಳೇ ಬಿಡಿಭಾಗಗಳ ಸಂತೆಗಳನ್ನು ಸುತ್ತಿದೆ. ಜೇಬಲ್ಲಿ ಅಳತೆ ಟೇಪು, ಟಾರ್ಚ್, ಕನ್ನಡಿ ಇಷ್ಟೇ. ಅಗಲವನ್ನು ಹೊರ ಅಂಚಿನಿಂದ ಅಳೆಯಬೇಡಿ, ಟೈರ್ ಕೂರುವ ಒಳಜಾಗದಿಂದ ಅಳೆಯಿರಿ. ಹೊರಗಿನಿಂದ ಅಳೆದರೆ ಸುಮಾರು ಒಂದು ಇಂಚು ಹೆಚ್ಚು ಬರುತ್ತದೆ. ಹೀಗೆ ಅಳೆದೇ 6 ಇಂಚಿನ ರಿಮ್ಮನ್ನು 7 ಅಂತ ಮಾರುತ್ತಾರೆ.

ಒಬ್ಬರು ತೋರಿಸಿದ ರಿಮ್ಮಿನಲ್ಲಿ ವೈಎಚ್ ಇತ್ತು, ತಾರೀಖೂ ಹೊಂದುತ್ತಿತ್ತು. ನನಗೆ ತುಂಬ ಸಂತೋಷವಾಯಿತು. ಆದರೆ ಟಾರ್ಚ್ ಓರೆಯಾಗಿ ಹಿಡಿದಾಗ ಸುತ್ತಲಿನ ಲೋಹವೆಲ್ಲ ತುಕ್ಕು ತಿಂದು ಗುಳಿಬಿದ್ದಿದೆ, ಅಕ್ಷರದ ತಳ ಮಾತ್ರ ನುಣುಪು. ಹಳೇ ಅಕ್ಷರಕ್ಕೆ ತುಕ್ಕು ರಿಯಾಯಿತಿ ಕೊಡುವುದಿಲ್ಲ. ಈಚೆಗೆ ಒತ್ತಿದ್ದು ಅದು. ಬೇಜಾರಿನಲ್ಲೇ ವಾಪಸ್ ಕೊಟ್ಟೆ.

ಕೊನೆಗೆ ಸಿಕ್ಕ ಎರಡರಲ್ಲಿ ಒಂದು ಚೆನ್ನಾಗಿತ್ತು. ಇನ್ನೊಂದರ ಅಂಚು ತುಸು ಬಗ್ಗಿತ್ತು, ಬೋಲ್ಟ್ ತೂತು ಮಾತ್ರ ದುಂಡಗೇ ಇತ್ತು. ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ. ಅಂಚನ್ನು ನೇರ ಮಾಡಿಸಿ, ಹಬ್‌ಗೆ ಹಾಕಿ ತಿರುಗಿಸಿ, ಡಯಲ್ ಗೇಜ್‌ನಿಂದ ಓಲಾಟ ನೋಡಿದೆ. ನಾಲ್ಕಕ್ಕೂ ತೆಳುವಾಗಿ ಆರ್ಜೆಂಟ್ ಬೆಳ್ಳಿ ಬಣ್ಣ ಹೊಡೆದೆ. ದಪ್ಪ ಹೊಡೆದರೆ ಅಕ್ಷರ ಮುಚ್ಚಿಹೋಗುತ್ತದೆ.

ಆ ಕಾಲದ ಮಾದರಿಯ ಇ70-15 ಅಳತೆಯ ಟೈರ್ ಪ್ರದರ್ಶನಕ್ಕೆ ಮಾತ್ರ. ರಸ್ತೆಯ ಗೀರು ಸಿಕ್ಕರೆ ಸಾಕು, ಅವು ಆ ಕಡೆ ಎಳೆಯುತ್ತವೆ. ಓಡಿಸಲು ಬೇರೆ ರಿಮ್, ರೇಡಿಯಲ್ ಟೈರ್ ಇಟ್ಟಿದ್ದೇವೆ. ಅಂಚು ಬಗ್ಗಿದ್ದ ರಿಮ್ಮನ್ನು ಬಲಗಡೆ ಹಿಂದಕ್ಕೆ ಹಾಕಿದೆ, ಮುಂಚೆ ಏಝಡ್ ಇದ್ದ ಜಾಗಕ್ಕೆ. ಈಗ ಅಲ್ಲಿ ಟೈರ್ ಉಜ್ಜುತ್ತಿಲ್ಲ.